ರಿಜಿಸ್ಟ್ರಿ ಆಯ್ತು, ಪಹಣಿ ಆಯ್ತಾ? ಜಮೀನು ಇರುವವರಿಗೆ ಕಚೇರಿ ಕೆಲಸದ ಮಾರ್ಗದರ್ಶಿ

ಜಮೀನು ಕೊಂಡವರು, ಅಣ್ಣತಮ್ಮಂದಿರು ಭಾಗ ಮಾಡಿಕೊಂಡವರು ಸಾಮಾನ್ಯವಾಗಿ ಒಂದೇ ಕಡೆ ಕೆಲಸ ನಿಲ್ಲಿಸಿಬಿಡುತ್ತಾರೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿದ್ದಾಯ್ತು, ಫೋಟೊ ತೆಗೆಸಿದ್ದಾಯ್ತು, ಪತ್ರ ಕೈಗೆ ಬಂತು. ಪಕ್ಕದ ಹೋಟೆಲಿನಲ್ಲಿ ಎಲ್ಲರಿಗೂ ತಿಂಡಿ ಕೊಡಿಸಿ ಬಸ್ ಹತ್ತಿದರೆ ಮುಗಿಯಿತು. ಪತ್ರ ಬೀರುವಿನೊಳಗೆ ಸೇರುತ್ತದೆ. ಎಷ್ಟೋ ವರ್ಷದ ಮೇಲೆ ಬೆಳೆ ಸಾಲಕ್ಕೋ ಬೆಳೆ ಪರಿಹಾರಕ್ಕೋ ಪಹಣಿ, ಅಂದರೆ ಜಮೀನು ಯಾರ ಹೆಸರಲ್ಲಿದೆ ಅಂತ ತೋರಿಸುವ ಕಂದಾಯ ದಾಖಲೆ, ತೆಗೆಸಿದರೆ ಅದರಲ್ಲಿ ಇನ್ನೂ ಮಾರಿದವರ ಹೆಸರೇ ಕೂತಿರುತ್ತದೆ.

ಜಮೀನಿನ ದಾಖಲೆ ಒಂದೇ ಕಚೇರಿಯಲ್ಲಿ ಇಲ್ಲದಿರುವುದೇ ಇದಕ್ಕೆ ಕಾರಣ. ಪತ್ರ ನೋಂದಣಿ ಮಾಡುವುದು ಸಬ್ ರಿಜಿಸ್ಟ್ರಾರ್. ಪಹಣಿಯಲ್ಲಿ ಹೆಸರು ಏರಿಸುವುದು ತಾಲ್ಲೂಕು ಕಚೇರಿ. ಅಳತೆ, ನಕ್ಷೆ ಸರ್ವೆಯವರದ್ದು. ಸೈಟು, ಮನೆಯಾದರೆ ಖಾತೆ ಪಂಚಾಯ್ತಿಯಲ್ಲೋ ನಗರಸಭೆಯಲ್ಲೋ ಇರುತ್ತದೆ. ಸಬ್ ರಿಜಿಸ್ಟ್ರಾರ್ ಮುಂದೆ ಹೋದಾಗ ಅವರು ನೋಡುವುದು ಇಷ್ಟು: ಸಹಿ ಹಾಕಿದವರು ಇವರೇನಾ, ಮುದ್ರಾಂಕ ಶುಲ್ಕ ಸರಿಯಾಗಿ ಕಟ್ಟಿದ್ದಾರಾ, ಕೇಳಿದ ದಾಖಲೆ ಇದೆಯಾ. ಮಾರುವವರಿಗೆ ಮಾರುವ ಹಕ್ಕು ನಿಜವಾಗಿ ಇದೆಯಾ ಅನ್ನುವುದರ ತೀರ್ಮಾನ ಅವರು ಮಾಡುವುದಿಲ್ಲ. 1908ರ ನೋಂದಣಿ ಕಾಯ್ದೆ ಅವರಿಗೆ ಕೊಟ್ಟಿರುವ ಕೆಲಸವೇ ಅದಲ್ಲ. ಆ ತಲೆನೋವು ನಿಮ್ಮದು. ಹಾಗಾಗಿ ಈ ಲೇಖನದಲ್ಲಿ ರಿಜಿಸ್ಟ್ರಿ ದಿನಕ್ಕಿಂತ ಅದರ ಹಿಂದಿನ, ಮುಂದಿನ ಕೆಲಸಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಮುಖ್ಯವಾಗಿ ಕೃಷಿ ಜಮೀನಿನ ಮಾತು, ಸೈಟಿನ ವಿಷಯ ಮಧ್ಯೆ ಒಂದು ಕಡೆ ಬರುತ್ತದೆ.

ಮೊದಲು ಪಹಣಿಯನ್ನು ಪೂರ್ತಿ ಓದಿ

ಪಹಣಿ, ಆರ್‌ಟಿಸಿ, ಉತ್ತರ ಕರ್ನಾಟಕದ ಕಡೆ ಉತಾರ, ಎಲ್ಲ ಒಂದೇ. ಭೂಮಿ ವೆಬ್‌ಸೈಟಿನಲ್ಲಿ ನೋಡಬಹುದು, ನಾಡಕಚೇರಿಯಲ್ಲಿ ದುಡ್ಡು ಕಟ್ಟಿ ಪ್ರತಿ ತೆಗೆಸಬಹುದು. ಬಹಳ ಜನ ಅದರಲ್ಲಿ ಹೆಸರೊಂದನ್ನು ನೋಡಿ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಕೂತು ಓದಬೇಕು.

3ನೇ ಕಾಲಂನಲ್ಲಿ ವಿಸ್ತೀರ್ಣ ಇರುತ್ತದೆ, ಎಕರೆ-ಗುಂಟೆ ಲೆಕ್ಕದಲ್ಲಿ. 40 ಗುಂಟೆಗೆ ಒಂದು ಎಕರೆ, ಒಂದು ಗುಂಟೆ ಅಂದರೆ 1,089 ಚದರಡಿ. ಅಲ್ಲೇ ಖರಾಬು ಎಷ್ಟು ಅಂತಲೂ ಬರೆದಿರುತ್ತದೆ. ‘ಅ’ ಖರಾಬು ಸಾಗುವಳಿಗೆ ಬಾರದ ಜಾಗ. ‘ಬ’ ಖರಾಬು ಅಂದರೆ ಹಳ್ಳ, ದಾರಿ, ಇಂಥ ಸಾರ್ವಜನಿಕ ಜಾಗ. ಅದನ್ನು ಯಾರೂ ಯಾರಿಗೂ ಮಾರಲು ಬರುವುದಿಲ್ಲ. ಕೊಳ್ಳುವವರು ‘ಬ’ ಖರಾಬಿಗೂ ಸೇರಿಸಿ ದುಡ್ಡು ಎಣಿಸಿ ಕೊಟ್ಟಿರುವುದು ಉಂಟು.

9ನೇ ಕಾಲಂ ಸ್ವಾಧೀನದಾರರ ಹೆಸರು. 10ರಲ್ಲಿ ಆ ಹೆಸರು ಹೇಗೆ ಬಂತು ಅನ್ನುವುದು, ಮ್ಯುಟೇಶನ್ (ಹೆಸರು ಬದಲಾವಣೆ) ನಂಬರ್ ಸಮೇತ. ಕ್ರಯವೋ, ಪೌತಿಯೋ (ಸತ್ತವರಿಂದ ವಾರಸುದಾರರಿಗೆ ಬಂದದ್ದು), ವಿಭಾಗವೋ, ಮಂಜೂರಾತಿಯೋ ಅಂತ ಅಲ್ಲೇ ತಿಳಿಯುತ್ತದೆ. ಆ ನಂಬರ್ ಹಿಡಿದು ಮ್ಯುಟೇಶನ್ ಪ್ರತಿಯನ್ನೂ ತೆಗೆಸಿ. ‘ಮಂಜೂರು’ ಅಂತ ಕಂಡರೆ ಅಲ್ಲೇ ನಿಲ್ಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದು ಊರ್ಜಿತವಲ್ಲ. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಿದೆ. ‘ಮಾರಿ ಇಪ್ಪತ್ತು ವರ್ಷ ಆಯ್ತು, ಇನ್ನೇನು ಮಾಡ್ತಾರೆ’ ಅನ್ನುವ ಧೈರ್ಯವನ್ನು ಈಗ ನೆಚ್ಚಿಕೊಳ್ಳಲಾಗದು.

11ನೇ ಕಾಲಂ ಹಕ್ಕು ಮತ್ತು ಋಣ. ನನ್ನ ಅನುಭವದಲ್ಲಿ ಅತಿ ಹೆಚ್ಚು ಕೆಲಸ ಕೆಡಿಸುವುದು ಈ ಕಾಲಂ. ಅಪ್ಪ ಬದುಕಿದ್ದಾಗ ಊರಿನ ಸೊಸೈಟಿಯಲ್ಲಿ ಎತ್ತಿನ ಸಾಲ ತೆಗೆದಿರುತ್ತಾರೆ. ಸಾಲ ತೀರಿಸಿದ್ದೂ ಆಗಿರುತ್ತದೆ, ಎತ್ತು ಸತ್ತಿದ್ದೂ ಆಗಿರುತ್ತದೆ. ಪಹಣಿಯಲ್ಲಿ ಮಾತ್ರ ಆ ಕೆಲವು ಸಾವಿರ ರೂಪಾಯಿ ಹಾಗೇ ಉಳಿದಿರುತ್ತದೆ, ಯಾರೂ ತೆಗೆಸಿಲ್ಲ. ನೋಂದಣಿ ದಿನ ಹತ್ತಿರ ಬಂದಾಗ ಇದು ಕಣ್ಣಿಗೆ ಬೀಳುತ್ತದೆ. ಸೊಸೈಟಿಗೆ ಹೋದರೆ ಹಳೆ ಲೆಡ್ಜರ್ ಹುಡುಕಬೇಕು, ಕಾರ್ಯದರ್ಶಿ ಸಿಗಬೇಕು. ಅದಕ್ಕೇ ಪಹಣಿ ಕೈಗೆ ಬಂದ ದಿನವೇ ಸಾಲ ತೀರುವಳಿ ಪತ್ರಕ್ಕೆ ಅರ್ಜಿ ಕೊಡಿ. ಬ್ಯಾಂಕಿನ ಸಾಲವಾದರೆ ತೀರುವಳಿ ಪತ್ರ ಕೊಟ್ಟರೆ ಸಾಲದು, ಋಣ ಬಿಡುಗಡೆಯನ್ನು ಆನ್‌ಲೈನ್‌ನಲ್ಲಿ ಕಳಿಸಿದ್ದಾರಾ ಅಂತ ಮ್ಯಾನೇಜರ್ ಹತ್ತಿರ ಕೇಳಿ. ಕೋರ್ಟಿನ ತಡೆಯಾಜ್ಞೆ ಇದ್ದರೆ ಅದೂ ಈ ಕಾಲಂನಲ್ಲೇ ಕಾಣುತ್ತದೆ.

ಹೆಸರಿನ ವಿಷಯಕ್ಕೆ ಬರೋಣ. ಪಹಣಿಯಲ್ಲಿ ‘ಸಿದ್ದಪ್ಪ ಬಿನ್ ಕರಿಯಪ್ಪ’, ಆಧಾರ್‌ನಲ್ಲಿ ‘ಸಿದ್ದಲಿಂಗಪ್ಪ ಕೆ.’, ಹಳೇ ಪತ್ರದಲ್ಲಿ ‘ದೊಡ್ಡಸಿದ್ದಪ್ಪ’. ಊರಿಗೆಲ್ಲ ಗೊತ್ತು ಮೂರೂ ಒಬ್ಬರೇ ಅಂತ. ಕಂಪ್ಯೂಟರ್‌ಗೆ ಗೊತ್ತಿಲ್ಲ. ಹೆಂಗಸರ ಹೆಸರಲ್ಲಿ ಇದು ಇನ್ನೂ ಜಾಸ್ತಿ: ತವರಿನ ಕಾಗದದಲ್ಲಿ ಬಿನ್, ಗಂಡನ ಮನೆಯ ಕಾಗದದಲ್ಲಿ ಕೋಂ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ಕೈಬರಹದ ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸುವಾಗಲೂ ಅಕ್ಷರ ತಪ್ಪಿದ್ದು, ಗುಂಟೆ ತಪ್ಪಿದ್ದು ಇದೆ. ಅಂಥ ತಪ್ಪಾಗಿದ್ದರೆ ರೆಕಾರ್ಡ್ ರೂಮಿನಿಂದ ಹಳೇ ಕೈಬರಹದ ಪಹಣಿಯ ನಕಲು ತೆಗೆಸಿ, ಅದನ್ನಿಟ್ಟು ತಾಲ್ಲೂಕು ಕಚೇರಿಯಲ್ಲಿ ತಿದ್ದುಪಡಿಗೆ ಅರ್ಜಿ ಹಾಕಿ. ‘ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಬಿಡಿ ಅಣ್ಣ, ಒಂದು ಅಫಿಡವಿಟ್ ಹಾಕಿದ್ರೆ ಆಗುತ್ತೆ’ ಅಂತ ಪತ್ರ ಬರೆಯುವವರು ಹೇಳುತ್ತಾರೆ. ಒಂದೆರಡು ಅಕ್ಷರದ ವ್ಯತ್ಯಾಸಕ್ಕೆ ಅಫಿಡವಿಟ್ ನಡೆಯಬಹುದು. ಹೆಸರೇ ಬೇರೆ ಅನ್ನುವಷ್ಟು ವ್ಯತ್ಯಾಸ ಇದ್ದರೆ ಮೊದಲು ಸರಿಪಡಿಸಿಕೊಂಡೇ ಮುಂದೆ ಹೋಗಿ.

ತಾತನ ಹೆಸರಲ್ಲೇ ಇದ್ದರೆ

ಇದು ನಮ್ಮ ಹಳ್ಳಿಗಳ ದೊಡ್ಡ ಕಾಯಿಲೆ. ತಾತ ಹೋಗಿ ಎರಡು ತಲೆಮಾರು ಆದರೂ ಪಹಣಿ ತಾತನ ಹೆಸರಲ್ಲೇ. ಸತ್ತವರ ಹೆಸರಿನ ಜಮೀನನ್ನು ಬದುಕಿರುವವರು ನೇರವಾಗಿ ಮಾರಲು ಆಗುವುದಿಲ್ಲ. ಮೊದಲು ಪೌತಿ ಖಾತೆ ಆಗಬೇಕು. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ವಾರಸುದಾರರ ಆಧಾರ್ ಇವು ಬೇಕು. ಊರಿನ ಗ್ರಾಮ ಆಡಳಿತ ಅಧಿಕಾರಿ, ಅಂದರೆ ಮೊದಲು ಗ್ರಾಮ ಲೆಕ್ಕಿಗರು ಅಂತಿದ್ದವರು, ಸ್ಥಳ ವಿಚಾರಣೆ ಮಾಡುತ್ತಾರೆ. ಮರಣವನ್ನೇ ನೋಂದಾಯಿಸಿಲ್ಲ ಅಂದರೆ ವರ್ಷ ಕಳೆದ ಮೇಲೆ ಅದಕ್ಕೆ ಬೇರೆ ಆದೇಶ ಬೇಕಾಗುತ್ತದೆ. ಅದನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಿ.

ವಂಶವೃಕ್ಷದಲ್ಲಿ ಅಕ್ಕತಂಗಿಯರನ್ನು ಬಿಟ್ಟು ಬರೆಸುವ ಚಾಳಿ ಇನ್ನೂ ಹೋಗಿಲ್ಲ. ‘ಮದುವೆ ಮಾಡಿ ಕೊಟ್ಟಾಗಿದೆ, ಅವರಿಗೇನು’ ಅನ್ನುತ್ತಾರೆ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಡುವ ತಿದ್ದುಪಡಿ ಬಂತು, 2005ರಲ್ಲಿ ದೇಶಕ್ಕೆಲ್ಲ ಬಂತು. ಮದುವೆಯಾದ ಮಗಳಿಗೂ ಮಗನಷ್ಟೇ ಪಾಲು ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಅವರನ್ನು ಬಿಟ್ಟು ಮಾಡಿದ ವಿಭಾಗ ಪತ್ರ ಇವತ್ತು ಸುಲಭವಾಗಿ ರಿಜಿಸ್ಟರ್ ಆಗಬಹುದು, ನಾಳೆ ಅಷ್ಟೇ ಸುಲಭವಾಗಿ ಕೋರ್ಟಿಗೂ ಹೋಗಬಹುದು. ಅವರಿಗೆ ಪಾಲು ಕೊಡಿ. ಅವರೇ ಸ್ವಂತ ಮನಸ್ಸಿನಿಂದ ಬೇಡ ಅಂದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಸಿ. ಬಾಯಿಮಾತಲ್ಲಿ ‘ಬೇಡ ಬಿಡಣ್ಣ’ ಅಂದಿದ್ದು ಲೆಕ್ಕಕ್ಕಿಲ್ಲ.

ಪೌತಿ ಆದ ಮೇಲೆ ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಬರುತ್ತದೆ. ಆಮೇಲೆ ವಿಭಾಗ ಪತ್ರ. ಕುಟುಂಬದೊಳಗಿನ ಕೃಷಿ ಜಮೀನಿನ ವಿಭಾಗಕ್ಕೆ ಮುದ್ರಾಂಕ ಶುಲ್ಕ ಶೇಕಡಾ ಲೆಕ್ಕದಲ್ಲಿ ಇಲ್ಲ, ಒಂದು ಭಾಗಕ್ಕೆ ಇಷ್ಟು ಅಂತ ನಿಗದಿಯಾಗಿದೆ, ತೀರಾ ಕಡಿಮೆ. ದುಡ್ಡು ಉಳಿಸಲು ಅಂತ ಬಿಳಿ ಹಾಳೆಯ ಪಾಲುಪಟ್ಟಿ ಮಾಡಿಕೊಳ್ಳುವುದರಲ್ಲಿ ಉಳಿತಾಯ ಏನೂ ಇಲ್ಲ.

ಇಸಿ: ಏನು ಹೇಳುತ್ತೆ, ಏನು ಹೇಳಲ್ಲ

ಋಣಭಾರ ಪತ್ರ, ಎಲ್ಲರ ಬಾಯಲ್ಲಿ ಇಸಿ. ಆ ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ ಇದು. ವ್ಯವಹಾರ ನಡೆದಿದ್ದರೆ ನಮೂನೆ 15ರಲ್ಲಿ ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ. 2004ರ ಏಪ್ರಿಲ್ 1ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಆಯಾ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಬ್ಯಾಂಕಿನ ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳುತ್ತಾರೆ. ನೀವೂ ಅಷ್ಟು ತೆಗೆಸಿ.

ಒಂದು ಸೂಕ್ಷ್ಮ ಇದೆ. ಇಸಿ ಹುಡುಕುವುದು ನೀವು ಕೊಟ್ಟ ಸರ್ವೆ ನಂಬರ್ ಮೇಲೆ. ಇವತ್ತು 45/3 ಅಂತ ಇರುವ ಜಮೀನು ಪೋಡಿ ಆಗುವ (ಅಳತೆಯಾಗಿ ಬೇರೆ ನಂಬರ್ ಬೀಳುವ) ಮೊದಲು 45/1 ಆಗಿತ್ತು ಅಂದುಕೊಳ್ಳಿ. ಆಗಿನ ಅಡಮಾನ 45/1ರ ಕೆಳಗೆ ಇರುತ್ತದೆ. 45/3ಕ್ಕೆ ಮಾತ್ರ ಇಸಿ ತೆಗೆಸಿದರೆ ಹಾಳೆ ಸ್ವಚ್ಛವಾಗಿ ಬರುತ್ತದೆ, ನಿಮಗೆ ನೆಮ್ಮದಿ ಆಗುತ್ತದೆ, ಸಾಲ ಅಲ್ಲೇ ಇರುತ್ತದೆ. ಹಳೇ ನಂಬರಿನ ಮೇಲೂ ತೆಗೆಸಿ.

ನೋಂದಣಿ ಆಗದ ಯಾವುದೂ ಇಸಿಯಲ್ಲಿ ಬರುವುದಿಲ್ಲ. ರಿಜಿಸ್ಟರ್ ಮಾಡಿಸದ ವಿಲ್, ಛಾಪಾ ಕಾಗದದ ಮೇಲಿನ ಕರಾರು, ಕೋರ್ಟಿನಲ್ಲಿ ನಡೆಯುತ್ತಿರುವ ಕೇಸು ಇವಕ್ಕೆ ಊರಲ್ಲೇ ವಿಚಾರಿಸಬೇಕು. ಪಕ್ಕದ ಜಮೀನಿನವರನ್ನು ಮಾತಾಡಿಸಿ ನೋಡಿ, ಅರ್ಧ ಚರಿತ್ರೆ ಅಲ್ಲೇ ಸಿಗುತ್ತದೆ. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಕೊಂಡಿದ್ದೇವೆ ಅನ್ನುವವರ ಹತ್ತಿರ ಕೊಳ್ಳಬೇಡಿ. ಬರೀ ಜಿಪಿಎ, ಕರಾರುಗಳಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಭಾಗ ಮಾತ್ರ ಮಾರುವುದಾದರೆ ಸರ್ವೆ

ನಾಲ್ಕು ಎಕರೆಯಲ್ಲಿ ಒಂದು ಎಕರೆ ಮಾರಬೇಕು ಅಂದರೆ 11ಇ ನಕ್ಷೆ, ಅಂದರೆ ಮಾರುವ ಭಾಗವನ್ನು ಅಳೆದು ಗುರುತಿಸಿದ ನಕ್ಷೆ, ಬೇಕು. ಅರ್ಜಿ ಹಾಕಿದ ಮೇಲೆ ಭೂಮಾಪಕರು ಬರುತ್ತಾರೆ, ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ, ಅಳತೆ ಆಗಿ ನಕ್ಷೆ ತಯಾರಾಗುತ್ತದೆ. ಅಳತೆ ದಿನ ನೀವು ಅಲ್ಲಿರಬೇಕು. ಮಗನನ್ನು ಕಳಿಸಿದರೆ ಅವನಿಗೆ ಬದು ಗೊತ್ತಿರುವುದಿಲ್ಲ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಜಮೀನಿನಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ಅಂದಾಜಿಗೆ ಅದು ಸಾಕು, ಬದು ಜಗಳಕ್ಕೆ ಅದು ಸಾಕ್ಷಿ ಅಲ್ಲ.

ಪಹಣಿಗಳ ವಿಸ್ತೀರ್ಣ ಕೂಡಿದರೆ ಆಕಾರ್‌ಬಂದಿನ (ಸರ್ವೆಯವರ ಮೂಲ ವಿಸ್ತೀರ್ಣ ದಾಖಲೆಯ) ವಿಸ್ತೀರ್ಣಕ್ಕೆ ತಾಳೆ ಆಗಬೇಕು. ಒಂದೇ ಸರ್ವೆ ನಂಬರಿನಲ್ಲಿ ಐದಾರು ಜನ ಇದ್ದು, ಎಲ್ಲರ ಪಹಣಿ ಕೂಡಿದಾಗ ಇರುವುದಕ್ಕಿಂತ ಮೂರು ಗುಂಟೆ ಜಾಸ್ತಿ ಬಂದರೆ ನಕ್ಷೆ ಅಲ್ಲೇ ನಿಲ್ಲುತ್ತದೆ. ಜಾಸ್ತಿ ಬರೆಸಿಕೊಂಡವರು ಯಾರು ಅಂತ ಗೊತ್ತಾಗಬೇಕು, ಅವರು ಒಪ್ಪಬೇಕು. ಹಾಗಾಗಿ ಮಾರುವ ಮಾತಿಗೆ ಮುಂಗಡ ತಗೊಳ್ಳುವ ಮುಂಚೆಯೇ ಈ ಕೂಡಿಸುವ ಲೆಕ್ಕ ಮಾಡಿಬಿಡಿ.

ಸೈಟಿನವರಿಗೆ ಇಷ್ಟು: ಪಂಚಾಯ್ತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ನಮೂನೆ 9 ಮತ್ತು 11, ಪಟ್ಟಣದಲ್ಲಿ ಇ-ಖಾತೆ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ. ಕಂದಾಯ ಕಟ್ಟಿದ ರಸೀದಿ ಇಟ್ಟುಕೊಂಡು ವಾದ ಮಾಡಿ ಪ್ರಯೋಜನವಿಲ್ಲ.

ದುಡ್ಡಿನ ಲೆಕ್ಕ

ಕಾವೇರಿ ಸೈಟಿನಲ್ಲಿ ನಿಮ್ಮ ಊರಿನ ಮಾರ್ಗಸೂಚಿ ಬೆಲೆ, ಅಂದರೆ ಸರ್ಕಾರ ನಿಗದಿ ಮಾಡಿದ ಬೆಲೆ, ನೋಡಿ. ಅದು ಜಾಸ್ತಿಯೋ ನೀವು ಪತ್ರದಲ್ಲಿ ಬರೆಯುವ ಬೆಲೆ ಜಾಸ್ತಿಯೋ, ಯಾವುದು ದೊಡ್ಡದೋ ಅದರ ಮೇಲೆ ಶುಲ್ಕ. ಕ್ರಯಪತ್ರಕ್ಕೆ ಮುದ್ರಾಂಕ ಶೇ 5. ಆ ಮುದ್ರಾಂಕದ ಮೇಲೆ ಶೇ 10 ಸೆಸ್, ಜೊತೆಗೆ ಸರ್‌ಚಾರ್ಜ್ ಪಟ್ಟಣದಲ್ಲಿ ಶೇ 2, ಹಳ್ಳಿಯಲ್ಲಿ ಶೇ 3. ನೋಂದಣಿ ಶುಲ್ಕ ಬೇರೆ. ಅದು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ.

ಪಟ್ಟಣದ 30 ಲಕ್ಷದ ಸೈಟು ಅಂತಿಟ್ಟುಕೊಳ್ಳಿ. ಮುದ್ರಾಂಕ 1,50,000. ಸೆಸ್ 15,000. ಸರ್‌ಚಾರ್ಜ್ 3,000. ನೋಂದಣಿ 60,000. ಒಟ್ಟು 2,28,000 ರೂಪಾಯಿ. ಇದಿಷ್ಟೂ ಸರ್ಕಾರಿ ಖಜಾನೆಯ ‘ಖಜಾನೆ-2’ ಚಲನ್ ಮೂಲಕ ಆನ್‌ಲೈನ್‌ನಲ್ಲೇ ಹೋಗುತ್ತದೆ. ಅದರಾಚೆ ಯಾರಾದರೂ ‘ಆಫೀಸ್ ಖರ್ಚು’ ಅಂತ ಚೀಟಿ ಬರೆದು ಕೊಟ್ಟರೆ ಅದು ಸರ್ಕಾರಕ್ಕೆ ಹೋಗುವ ದುಡ್ಡಲ್ಲ. ಸೈಟು, ಮನೆಯ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊಳ್ಳುವವರು ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇ 1 ಟಿಡಿಎಸ್ (ಆದಾಯ ತೆರಿಗೆ) ಹಿಡಿದು ಕಟ್ಟಬೇಕು ಅನ್ನುವುದೂ ನೆನಪಿರಲಿ.

ಕಾವೇರಿ 2.0, ಮತ್ತು ಆ ದಿನ

2023ರಲ್ಲಿ ಬಂದ ಕಾವೇರಿ 2.0ರಲ್ಲಿ ಅರ್ಧ ಕೆಲಸ ಮನೆಯಲ್ಲೇ ಮುಗಿಯುತ್ತದೆ. ಲಾಗಿನ್ ಮಾಡಿ ವಿವರ ತುಂಬಿ, ಕರಡು ಪತ್ರ ಏರಿಸಿದರೆ ಸಬ್ ರಿಜಿಸ್ಟ್ರಾರ್ ಪರಿಶೀಲಿಸಿ ಒಪ್ಪುತ್ತಾರೆ ಅಥವಾ ತಿದ್ದಲು ವಾಪಸ್ ಕಳಿಸುತ್ತಾರೆ. ಒಪ್ಪಿದ ಮೇಲೆ ದುಡ್ಡು ಕಟ್ಟಿ ಸಮಯ ಕಾಯ್ದಿರಿಸುವುದು. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ನಿಮ್ಮ ತಾಲ್ಲೂಕಿನಲ್ಲಿ ಗದ್ದಲ ಇದ್ದರೆ ಪಕ್ಕದ ತಾಲ್ಲೂಕು ನೋಡಿ. ಆಷಾಢದಲ್ಲಿ, ಅಮಾವಾಸ್ಯೆ ದಿನ ಜನ ಕಡಿಮೆ. ನಂಬಿಕೆ ಇಲ್ಲದವರಿಗೆ ಅದೇ ಒಳ್ಳೇ ಮುಹೂರ್ತ.

ಪತ್ರದ ಒಕ್ಕಣೆಗೆ ವಕೀಲರನ್ನೋ ಪತ್ರ ಬರಹಗಾರರನ್ನೋ ಹಿಡಿಯಿರಿ, ಅಲ್ಲಿ ಜಿಪುಣತನ ಬೇಡ. ಆದರೆ ಲಾಗಿನ್ ನಿಮ್ಮ ಮೊಬೈಲ್ ನಂಬರಿನದೇ ಇರಲಿ. ಅವರ ನಂಬರಿನಿಂದ ಮಾಡಿದರೆ ಒಟಿಪಿ ಅವರಿಗೆ, ಸಂದೇಶ ಅವರಿಗೆ, ನೋಂದಣಿಯಾದ ಪತ್ರದ ಪ್ರತಿಯೂ ಅವರ ಲಾಗಿನ್‌ನಲ್ಲೇ. ಆಮೇಲೆ ಪ್ರತಿ ಬೇಕು ಅಂದಾಗ ಅವರ ಅಂಗಡಿ ಮುಂದೆ ನಿಲ್ಲಬೇಕಾಗುತ್ತದೆ.

ಸಹಿ ಹಾಕುವ ಮುಂಚೆ ಷೆಡ್ಯೂಲನ್ನು (ಪತ್ರದಲ್ಲಿ ಆಸ್ತಿಯ ವಿವರ ಇರುವ ಭಾಗವನ್ನು) ಯಾರಾದರೂ ಗಟ್ಟಿಯಾಗಿ ಓದಲಿ, ನೀವು ಹಳೇ ಪತ್ರ ಹಿಡಿದು ತಾಳೆ ನೋಡಿ. ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ, ಆಮೇಲೆ ಚೆಕ್ಕುಬಂದಿ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಏನು ಅನ್ನುವುದನ್ನು ಮೂವತ್ತು ವರ್ಷದ ಹಳೇ ಪತ್ರದಿಂದ ಹಾಗೇ ಇಳಿಸಿರುತ್ತಾರೆ. ಪೂರ್ವದ ಜಮೀನು ಆಗಲೇ ಕೈ ಬದಲಾಗಿರುತ್ತದೆ, ದಕ್ಷಿಣದ ಬಂಡಿ ದಾರಿ ಟಾರು ರಸ್ತೆ ಆಗಿರುತ್ತದೆ. ಈಗ ಇರುವ ಹಾಗೆ ಬರೆಸಿ. ತಪ್ಪು ಉಳಿದರೆ ಆಮೇಲೆ ತಿದ್ದುಪಡಿ ಪತ್ರ ಮಾಡಿಸಬೇಕು. ಅದಕ್ಕೆ ಮಾರಿದವರೇ ಮತ್ತೆ ಬಂದು ಸಹಿ ಹಾಕಬೇಕು. ದುಡ್ಡು ಎಣಿಸಿಕೊಂಡು ಹೋದವರು ಎರಡನೇ ಸಲ ಕರೆದಾಗ ಬರುವ ಉತ್ಸಾಹ ಎಷ್ಟಿರುತ್ತೆ ಅಂತ ಹೇಳಬೇಕಾ?

ಆ ದಿನ ಮೂಲ ಆಧಾರ್, ಪ್ಯಾನ್, ಸಾಕ್ಷಿಗಳು, ಹಳೇ ಪತ್ರ ಎಲ್ಲ ಕೈಯಲ್ಲಿರಲಿ. ಸಹಿ ಹಾಕಿದವರು ಇವರೇನಾ, ಒಪ್ಪಿ ಹಾಕಿದ್ದಾರಾ ಅಂತ ಕೇಳುತ್ತಾರೆ. ಫೋಟೊ, ಹೆಬ್ಬೆಟ್ಟು ಆಗುತ್ತದೆ. ಗಾರೆ ಕೆಲಸ, ಹೊಲದ ಕೆಲಸ ಮಾಡುವ ಹಿರಿಯರ ಬೆರಳ ಗುರುತು ಯಂತ್ರಕ್ಕೆ ಹತ್ತದೆ ಸತಾಯಿಸುತ್ತದೆ. ಕೈ ತೊಳೆದು ಒರೆಸಿ ಮತ್ತೆ ಇಡಿಸಿ. ಸರ್ವರ್ ಕೈಕೊಟ್ಟರೆ ಯಾರೂ ಏನೂ ಮಾಡಲಾಗದು. 2025ರ ಶುರುವಿನಲ್ಲಿ ಕಾವೇರಿ ಮೇಲೆ ಸೈಬರ್ ದಾಳಿ ನಡೆದು ರಾಜ್ಯದಲ್ಲೆಲ್ಲ ಜನ ಪರದಾಡಿದ್ದರು. ಪತ್ರಕ್ಕೆ ಸಹಿಯಾದ ದಿನದಿಂದ ನಾಲ್ಕು ತಿಂಗಳವರೆಗೆ ನೋಂದಣಿಗೆ ಕಾಲಾವಕಾಶ ಇದೆ, ಹಾಗಾಗಿ ಗಾಬರಿ ಬೇಡ.

ಹಾಸಿಗೆ ಹಿಡಿದವರಿದ್ದರೆ ಅವರನ್ನು ಆಟೋದಲ್ಲಿ ಹೊತ್ತು ತರಬೇಕಿಲ್ಲ. ಕಾರಣ ತೋರಿಸಿ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ಸಬ್ ರಿಜಿಸ್ಟ್ರಾರ್ ಮನೆಗೇ ಬರಲು ಕಾಯ್ದೆಯಲ್ಲಿ ಅವಕಾಶ ಇದೆ. ದುಬೈನಲ್ಲೋ ಅಮೆರಿಕದಲ್ಲೋ ಇರುವ ಅಣ್ಣತಮ್ಮಂದಿರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರ ಪತ್ರಕ್ಕೆ ಸಹಿ ಹಾಕಿ ದೃಢೀಕರಿಸಿ ಕಳಿಸಬಹುದು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಿಸಿಬಿಡಬೇಕು. ಈ ಗಡುವನ್ನು ಮರೆಯುವವರೇ ಜಾಸ್ತಿ.

ಬಸ್ ಹತ್ತಿದ ಮೇಲಿನ ಕೆಲಸ

ನೋಂದಣಿ ಆದ ಕೂಡಲೇ ಅದರ ವಿವರ ಕಂಪ್ಯೂಟರ್‌ನಲ್ಲೇ ತಾಲ್ಲೂಕಿನ ಭೂಮಿ ಕೇಂದ್ರಕ್ಕೆ ಹೋಗುತ್ತದೆ. ಇದನ್ನೇ ಜೆ ಸ್ಲಿಪ್ ಅನ್ನುವುದು. ಅಲ್ಲಿಂದ ಮ್ಯುಟೇಶನ್ ಶುರು: ಆಕ್ಷೇಪಣೆಗೆ ನೋಟಿಸ್, ಅವಧಿ ಮುಗಿದ ಮೇಲೆ ಆದೇಶ, ಕೊನೆಗೆ ಪಹಣಿ ಬದಲು. ತಾನಾಗೇ ಆಗುತ್ತೆ ಅಂತ ಬಿಡಬೇಡಿ. ಭೂಮಿ ಸೈಟಿನಲ್ಲಿ ಸರ್ವೆ ನಂಬರ್ ಹಾಕಿದರೆ ಮ್ಯುಟೇಶನ್ ಯಾವ ಹಂತದಲ್ಲಿದೆ ಅಂತ ಕಾಣುತ್ತದೆ. ಆಗಾಗ ನೋಡಿ. ತಕರಾರು ಬಿದ್ದರೆ ತಹಶೀಲ್ದಾರ್ ವಿಚಾರಣೆ ಇಡುತ್ತಾರೆ, ಕರೆದ ದಿನ ತಪ್ಪಿಸಬೇಡಿ. ಅವರ ಆದೇಶ ಸರಿ ಅನ್ನಿಸದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು.

ಕಾರಣವಿಲ್ಲದೆ ಫೈಲು ನಿಂತರೆ ‘ಸರ್, ನಮ್ಮದು ಏನಾಯ್ತು’ ಅಂತ ಬಾಗಿಲಲ್ಲಿ ಕೇಳಿ ಬರುವುದರಿಂದ ಏನೂ ಆಗುವುದಿಲ್ಲ. ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ. ಅರ್ಜಿಯ ಸೇವೆ ಸಕಾಲದಡಿ (ಗಡುವಿನೊಳಗೆ ಸರ್ಕಾರಿ ಸೇವೆ ಕೊಡಬೇಕು ಅನ್ನುವ ಯೋಜನೆಯಡಿ) ಬರುವುದಾದರೆ 15 ಅಂಕಿಯ ಜಿಎಸ್‌ಸಿ ನಂಬರ್ ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿಗೂ, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರಕ್ಕೂ ಅವಕಾಶ ಇದೆ. ಮೊತ್ತ ಚಿಕ್ಕದು, ಆದರೆ ಆ ನಂಬರ್ ಇದ್ದರೆ ನಿಮ್ಮ ಅರ್ಜಿ ಬಂದೇ ಇಲ್ಲ ಅಂತ ಯಾರೂ ಹೇಳಲಾರರು. ಲಂಚ ಕೇಳಿದರೆ ಲೋಕಾಯುಕ್ತಕ್ಕೆ ಹೋಗಿ. ಕೊಡದೆ ವಿಧಿಯಿರಲಿಲ್ಲ ಅಂತ ಕೊಟ್ಟವರು ಏಳು ದಿನದೊಳಗೆ ದೂರು ಕೊಡಬೇಕು. 2018ರ ತಿದ್ದುಪಡಿ ಆದ ಮೇಲೆ ಸುಮ್ಮನಿದ್ದರೆ ಕೊಟ್ಟವರೂ ಆರೋಪಿಗಳೇ.

ಹೊಸ ಪಹಣಿ ಬಂದಾಗ ಮತ್ತೆ 3, 9, 10, 11ನೇ ಕಾಲಂ ಓದಿ. ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಆ ವಾರವೇ ಅರ್ಜಿ ಕೊಡಿ. ಈಗಾದರೆ ಕ್ರಯಪತ್ರ ಕೈಯಲ್ಲಿದೆ, ಮಾರಿದವರು ಬದುಕಿದ್ದಾರೆ, ಆದೇಶ ಮಾಡಿದ ಅಧಿಕಾರಿಗೂ ವರ್ಗಾವಣೆ ಆಗಿರುವುದಿಲ್ಲ.